ಇಪ್ಪತ್ತೆರಡರಿಂದ ಮೂವತ್ತೆರಡಕ್ಕೆ

ನನ್ನದೊಂದು ಪಿಸ್ತೂಲಿದೆ. ಹೀಗೆಂದರೆ ಸಿಂಗಪುರದಲ್ಲಿ ಯಾರೂ ನಂಬುವುದಿಲ್ಲ. ಅದು ನನ್ನದು, ಆದರೆ ನನ್ನ ಹತ್ತಿರ ಇಲ್ಲ. ನಾನಿರುವುದು ದ್ವೀಪದ ಪೂರ್ವಕ್ಕೆ, ಬೆಡೋಕ್‌ನಲ್ಲಿ. ಅದಿರುವುದು ಪಶ್ಚಿಮದ ಕೊನೆಗೆ, ಶೂಟಿಂಗ್ ಕ್ಲಬ್ಬಿನ ಶಸ್ತ್ರಾಗಾರದ ಎರಡು ಕಬ್ಬಿಣದ ಬಾಗಿಲುಗಳ ಹಿಂದೆ. ಶನಿವಾರ ಬೆಳಿಗ್ಗೆ ಇಲ್ಲಿನ ಮೆಟ್ರೋ ರೈಲಾದ ಎಮ್‌ಆರ್‌ಟಿಯಲ್ಲಿ ಜುರಾಂಗ್ ಈಸ್ಟ್‌ವರೆಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು, ಕ್ಲಬ್ಬಿನಲ್ಲಿ ಗುರುತಿನ ಚೀಟಿ ತೋರಿಸಿ, ಸಹಿ ಹಾಕಿ, ಎರಡು ಗಂಟೆ ಅದನ್ನು ಹಿಡಿದಿದ್ದು ಮತ್ತೆ ಸಹಿ ಹಾಕಿ ಒಪ್ಪಿಸಿ ಬರುತ್ತೇನೆ. ಹಾರಿಸಿದ ಗುಂಡುಗಳ ಖಾಲಿ ಚಿಪ್ಪುಗಳನ್ನು ನೆಲದಿಂದ ಹೆಕ್ಕಿ ವಾಪಸು ಕೊಡಬೇಕು. ಒಂದು ಸಿಗದಿದ್ದರೆ ಬೆಂಚಿನ ಕೆಳಗೆ ತೆವಳುವುದೂ ನನ್ನದೇ ಕೆಲಸ.

ನಲವತ್ತು ದಾಟಿದ ಮೇಲೆ ಈ ಹುಚ್ಚು ಹತ್ತಿದ್ದು ಆಫೀಸಿನ ದೆಸೆಯಿಂದ. ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ನನ್ನ ಕೆಲಸ. ಒಂದು ಸಲ ನಮ್ಮ ವಿಭಾಗದವರನ್ನೆಲ್ಲ ಒಗ್ಗಟ್ಟು ಬೆಳೆಯಲಿ ಎಂದು ಶೂಟಿಂಗ್‌ಗೆ ಕರೆದುಕೊಂಡು ಹೋದರು. ಒಗ್ಗಟ್ಟು ಬೆಳೆಯಲಿಲ್ಲ. ಆದರೆ ಇಪ್ಪತ್ತು ವರ್ಷ ಹನಿ ಹನಿ ಅಳೆದು ಹಾಕಿದ ನನ್ನ ಕೈ ಅಲುಗುವುದಿಲ್ಲ ಎಂಬುದು ಅಲ್ಲಿನ ಕೋಚ್‌ನ ಕಣ್ಣಿಗೆ ಬಿತ್ತು. ಅವರು ನಿವೃತ್ತಿಯಾದ ಚೀನೀ ಅಂಕಲ್, ಮಾತು ಬಹಳ ಕಡಿಮೆ. ನನ್ನ ಗುರಿಹಲಗೆಯನ್ನು ಎರಡು ಸಲ ನೋಡಿ, "ನೆಕ್ಸ್ಟ್ ವೀಕ್ ಕಮ್ ಬ್ಯಾಕ್, ಕ್ಯಾನ್?" ಎಂದರು. ನಾನು ಕ್ಯಾನ್ ಎಂದೆ. ಮೂರು ವರ್ಷದಲ್ಲಿ ನನ್ನ ಹೆಸರಿಗೆ ಪಾಯಿಂಟ್ ಇಪ್ಪತ್ತೆರಡರ ಪಿಸ್ತೂಲೊಂದು ಬಂತು. ಗುಂಡಿನ ಗಾತ್ರದಲ್ಲಿ ಅದೇ ಎಲ್ಲಕ್ಕಿಂತ ಚಿಕ್ಕದು ಅನ್ನಬಹುದು. ಸದ್ದು ಸಣ್ಣದು, ಹಾರಿಸಿದಾಗ ಕೈಗೆ ಒದೆತ ಇಲ್ಲವೇ ಇಲ್ಲ. ನಾವಿಬ್ಬರೂ ಸುಖವಾಗಿದ್ದೆವು.

ಆಗ ನನ್ನ ಗಂಡನ ಸೋದರಮಾವ ಬಂದರು. ಬಾಗಲಕೋಟೆ ಕಡೆಯವರು. ಕಲ್ಲು ಕ್ವಾರಿ ನಡೆಸಿ ಈಗ ಆರಾಮವಾಗಿರುವವರು, ವರ್ಷಕ್ಕೆ ಎರಡು ತಿಂಗಳು ನಮ್ಮಲ್ಲಿ ಇರುತ್ತಾರೆ. ಬೆಳಿಗ್ಗೆ ವಿಭೂತಿ ಹಚ್ಚಿ ಕೂತರೆ ಮಾತು ನಿಲ್ಲುವುದು ಮಧ್ಯಾಹ್ನದ ಊಟಕ್ಕೆ. ಆತ್ಮರಕ್ಷಣೆಗೆಂದು ಮೂವತ್ತು ವರ್ಷದಿಂದ ಅವರ ಬೀರುವಿನಲ್ಲಿ ಲೈಸೆನ್ಸಿನ ರಿವಾಲ್ವರ್ ಇತ್ತು. ಅದರ ಒದೆತದ ವರ್ಣನೆಯನ್ನು ನಮ್ಮ ಮದುವೆಯಲ್ಲೇ ಕೇಳಿದ್ದೆ. ನಾನು ಫೋನಿನಲ್ಲಿ ನನ್ನ ಪಿಸ್ತೂಲಿನ ಚಿತ್ರ ತೋರಿಸಿದೆ.

"ಎಷ್ಟರದ್ದವಾ ಇದು?"

"ಪಾಯಿಂಟ್ ಟ್ವೆಂಟಿಟೂ, ಮಾವ."

"ಇದ್ರಾಗ ಕಾಗೀನೂ ಸಾಯಂಗಿಲ್ಲ," ಎಂದು ಫೋನು ವಾಪಸು ಕೊಟ್ಟರು. "ಅಲ್ಲ, ಮನಿಗೆ ಕಳ್ಳ ಬಂದ್ರ ಏನ್ ಮಾಡ್ತಿ?"

"ಅದು ಕ್ಲಬ್ಬಲ್ಲೇ ಇರತ್ತೆ. ಹೊರಗೆ ತರೋ ಹಾಗಿಲ್ಲ."

"ಹಂಗಾರ ಕಳ್ಳನ್ನ ಕ್ಲಬ್ಬಿಗೆ ಕರ್ಕೊಂಡ್ ಹೋಗ್ತೀಯೇನು?"

ಹದಿನಾರರ ನನ್ನ ಮಗಳು ಸೋಫಾದ ಮೇಲಿಂದಲೇ, ಇಲ್ಲಿನವರಂತೆ ಮಾತಿಗೊಂದು ಲಾ ಸೇರಿಸಿ, "ತಾತಾ, ಇಲ್ಲಿ ಕಳ್ಳ ಬರಲ್ಲ ಲಾ. ಲಿಫ್ಟ್‌ನಲ್ಲೇ ಕ್ಯಾಮೆರಾ ಇದೆ," ಎಂದಳು.

ಕಾಗೆಯ ಮಾತು ನನಗೆ ನಾಟಿತು. ನಾಟಬಾರದಿತ್ತು. ನಾನು ಕಾಗೆ ಹೊಡೆಯಲು ಹೊರಟವಳಲ್ಲ, ಕಾಗದದಲ್ಲಿ ತೂತು ಮಾಡುವವಳು. ಆದರೂ ಮುಂದಿನ ಶನಿವಾರ ಕೋಚ್ ಹತ್ತಿರ ಹೋಗಿ, ಕ್ಲಬ್ಬಿನ ವಾರ್ಷಿಕ ಸ್ಪರ್ಧೆಯಲ್ಲಿ ದೊಡ್ಡ ಗುಂಡಿನ ವಿಭಾಗಕ್ಕೆ ಸೇರುತ್ತೇನೆ ಎಂದೆ. ನನ್ನ ಪಿಸ್ತೂಲಿನ ಕಂಪನಿಯೇ ಬದಲಾವಣೆಯ ಕಿಟ್ ಮಾಡುತ್ತದೆ: ಹಿಡಿ ಅದೇ, ಮೇಲಿನ ಅರ್ಧ ಮತ್ತು ಗುಂಡುಪೆಟ್ಟಿಗೆ ಬೇರೆ. ಇಪ್ಪತ್ತೆರಡು ಮೂವತ್ತೆರಡಾಗುತ್ತದೆ. ಕೋಚ್ ನನ್ನ ಮುಖ ನೋಡಿ, "ವೈ?" ಎಂದರು. ಕಾಗೆಯ ವಿಷಯ ಹೇಳಲು ನಾಚಿಕೆಯಾಗಿ, "ಚಾಲೆಂಜ್," ಎಂದೆ.

ಆ ಅರ್ಧ ಬರಲು ಏಳು ತಿಂಗಳು ಬೇಕಾಯಿತು. ತರಿಸಲು ಅನುಮತಿ, ಇಡಲು ಅನುಮತಿ, ನನ್ನ ನಡತೆ ಸರಿಯಿದೆ ಎಂಬ ಕಾಗದ, ಈ ಬದಲಾವಣೆ ಏಕೆ ಬೇಕು ಎಂಬ ಪ್ರಶ್ನೆ. ಅದಕ್ಕೆ ಉತ್ತರ ಬರೆಯಲು ಕೊಟ್ಟ ಜಾಗ ಎರಡೇ ಸಾಲು. ನಾನು ಒಂದೂವರೆ ಪುಟ ಬರೆದು ಆಮೇಲೆ ಹರಿದು, "ಸ್ಪರ್ಧೆಗೆ" ಎಂದು ಒಂದೇ ಪದ ಬರೆದೆ.

ಕಾಯುವ ಕಾಲ ವ್ಯರ್ಥವಾಗಬಾರದೆಂದು ಮನೆಯಲ್ಲಿ ತೋಳು ಗಟ್ಟಿಮಾಡಿಕೊಳ್ಳತೊಡಗಿದೆ. ನಮ್ಮ ಇಸ್ತ್ರಿಪೆಟ್ಟಿಗೆ ಹೆಚ್ಚುಕಮ್ಮಿ ಪಿಸ್ತೂಲಿನಷ್ಟೇ ಭಾರ. ಭಾನುವಾರ ಮಧ್ಯಾಹ್ನ ಅಡಿಗೆಮನೆಯ ಕಿಟಕಿಯ ಮುಂದೆ ನಿಂತು, ಅದನ್ನು ಒಂದೇ ಕೈಯಲ್ಲಿ ನೇರ ಹಿಡಿದು, ಎದುರಿನ ಬ್ಲಾಕಿನ ಒಂಬತ್ತನೆಯ ಮಹಡಿಯ ಹೂಕುಂಡಕ್ಕೆ ಗುರಿಯಿಟ್ಟು ಅರವತ್ತರವರೆಗೆ ಎಣಿಸುತ್ತಿದ್ದೆ. ಮೂರನೆಯ ಭಾನುವಾರ ಕರೆಗಂಟೆ ಸದ್ದು ಮಾಡಿತು. ಬಾಗಿಲಲ್ಲಿ ಇಬ್ಬರು ಪೊಲೀಸರು, ಚಿಕ್ಕ ವಯಸ್ಸಿನವರು, ಬಹಳ ವಿನಯದವರು.

"ಮ್ಯಾಡಮ್, ನಿಮ್ಮ ಕಿಟಕಿಯಿಂದ ಯಾರೋ ಏನನ್ನೋ ಹಿಡಿದು ಗುರಿಯಿಡುತ್ತಿದ್ದಾರೆ ಎಂದು ದೂರು ಬಂದಿದೆ."

ನಾನು ಇಸ್ತ್ರಿಪೆಟ್ಟಿಗೆ ತಂದು ತೋರಿಸಿದೆ. ಒಬ್ಬ ಅದನ್ನು ಎತ್ತಿ ನೋಡಿದ. ಇನ್ನೊಬ್ಬ ಬರೆದುಕೊಳ್ಳುತ್ತ, ಹೀಗೇಕೆ ಹಿಡಿಯುತ್ತೀರಿ ಎಂದು ಕೇಳಿದ. ಪಿಸ್ತೂಲಿನ ಅಭ್ಯಾಸಕ್ಕೆ ಎಂದೆ. ಬರೆಯುತ್ತಿದ್ದವನ ಪೆನ್ನು ನಿಂತಿತು. ಕ್ಲಬ್ಬಿನ ಕಾರ್ಡು ತೋರಿಸಿ, ಪಿಸ್ತೂಲು ಎಲ್ಲಿದೆ, ಏಕೆ ಇಲ್ಲಿಲ್ಲ ಎಂದೆಲ್ಲ ವಿವರಿಸಿದ ಮೇಲೆ ಅದು ಮತ್ತೆ ಚಲಿಸಿತು. ಹೋಗುವಾಗ, "ಗೋಡೆಯ ಕಡೆ ತಿರುಗಿ ಮಾಡಿ, ಮ್ಯಾಡಮ್," ಎಂದರು. ಮಗಳು ರೂಮಿನಿಂದ ಹೊರಗೆ ಬಂದು, "ಅಮ್ಮಾ, ಸೋ ಎಂಬ್ಯಾರಸಿಂಗ್ ಲಾ. ನಾಳೆ ಸ್ಕೂಲಲ್ಲಿ ಎಲ್ಲರಿಗೂ ಗೊತ್ತಾಗತ್ತೆ," ಎಂದು ಬಾಗಿಲು ಹಾಕಿಕೊಂಡಳು. ನನ್ನ ಬಂದೂಕಿಗೆ ಅಷ್ಟು ಬೀಗ ಹಾಕಿಟ್ಟ ಊರಿನಲ್ಲಿ ನಾನು ಸಿಕ್ಕಿಬಿದ್ದದ್ದು ಇಸ್ತ್ರಿಪೆಟ್ಟಿಗೆಯ ಜೊತೆಗೆ.

ಕಿಟ್ ಬಂದ ಶನಿವಾರ ಕ್ಲಬ್ಬಿನ ಮೆಕ್ಯಾನಿಕ್ ಹಳೆಯ ಅರ್ಧ ತೆಗೆದು ಹೊಸದು ಕೂರಿಸಿ, ಪರೀಕ್ಷೆ ಮಾಡಿ ಕೊಡುವಷ್ಟರಲ್ಲಿ ನಾನು ತಂದ ಕಾಫಿ ಇನ್ನೂ ಬಿಸಿಯಾಗಿತ್ತು. ಮೊದಲ ಗುಂಡಿಗೆ ಮಣಿಕಟ್ಟು ಮೇಲಕ್ಕೆ ಹಾರಿತು. ಎರಡನೆಯದಕ್ಕೆ ಕಣ್ಣು ಮುಚ್ಚಿದವು. ಹತ್ತರಲ್ಲಿ ಆರು ಕಪ್ಪು ವೃತ್ತದ ಕೆಳಗೆ ಬಿದ್ದವು. ಸದ್ದಿಗೆ ಇನ್ನೂ ಒಗ್ಗಿಲ್ಲ ಎಂದುಕೊಂಡೆ. ನಾಲ್ಕು ವಾರವಾದರೂ ಅದೇ ಕತೆ.

ಐದನೆಯ ವಾರ ಕೋಚ್ ತಾವೇ ಗುಂಡು ತುಂಬಿ ಕೊಟ್ಟರು. ಮೂರು ಹಾರಿಸಿದೆ. ನಾಲ್ಕನೆಯ ಸಲ ಟ್ರಿಗರ್ ಎಳೆದಾಗ ಬರೀ ಟಿಕ್ ಎಂದಿತು. ಗುಂಡು ಹಾರಲಿಲ್ಲ, ಒದೆತ ಬರಲಿಲ್ಲ. ಆದರೂ ನನ್ನ ಕೈ ಕೆಳಕ್ಕೆ ಕುಸಿದು, ಭುಜ ಮುದುಡಿ, ಹಲ್ಲು ಕಚ್ಚಿಕೊಂಡಿದ್ದವು. ಅವರು ನಡುವೆ ಮದ್ದಿಲ್ಲದ ಒಂದು ಸುಳ್ಳು ಗುಂಡು ಸೇರಿಸಿದ್ದರು.

"ಸೀ? ನಥಿಂಗ್ ಹ್ಯಾಪನ್," ಎಂದರು ಕೋಚ್. "ಯು ಆಲ್ರೆಡಿ ಜಂಪ್."

ಗಟ್ಟಿ ಕೈಯವಳು ಎಂಬ ನನ್ನ ಹೆಮ್ಮೆ ಅಲ್ಲೇ ಮುಗಿಯಿತು. ಒದೆತಕ್ಕೆ ನಾನು ಬೆದರುತ್ತಿರಲಿಲ್ಲ, ಅದು ಬರುವುದಕ್ಕೆ ಮುಂಚೆಯೇ ಬೆದರುತ್ತಿದ್ದೆ. ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ: ಬಾಸ್‌ನ ಇಮೇಲ್ ತೆರೆಯುವ ಮುಂಚೆ, ಮಗಳ ಪರೀಕ್ಷೆಯ ಫಲಿತಾಂಶದ ಹಿಂದಿನ ದಿನ, ಊರಿಂದ ಹೊತ್ತಲ್ಲದ ಹೊತ್ತಿಗೆ ಫೋನು ಬಂದಾಗ, ಇದೇ ಭುಜ ಹೀಗೇ ಮುದುಡುತ್ತದೆ. ಇದಕ್ಕೆ ಯಾವ ಕಂಪನಿಯೂ ಕಿಟ್ ಮಾಡುವುದಿಲ್ಲ.

ಸ್ಪರ್ಧೆಯ ಹೊತ್ತಿಗೆ ಮಾವ ಮತ್ತೆ ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಜುಬ್ಬ ಹಾಕಿಕೊಂಡು ಗಾಜಿನ ಹಿಂದಿನ ಕುರ್ಚಿಯಲ್ಲಿ ಕೂತರು. ಅವರಿಗೂ ಕಿವಿ ಮುಚ್ಚುವ ದೊಡ್ಡ ಬಟ್ಟಲುಗಳನ್ನು ಕೊಟ್ಟಿದ್ದರು. ಗಂಡು ಹೆಣ್ಣು ಸೇರಿ ಸ್ಪರ್ಧಿಗಳು ನಾವು ಎಂಟು ಜನ. ಮೊದಲ ಸರಣಿ ಪರವಾಗಿಲ್ಲ. ಎರಡನೆಯದರಲ್ಲಿ ಒಂದು ಗುಂಡು ಹತ್ತರ ಅಂಕದ ನಟ್ಟನಡುವೆ ಬಿತ್ತು. ಮಾವ ಗಾಜಿನ ಹಿಂದೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗುಂಡು ನನ್ನದೇ ಹೌದು. ಗುರಿಹಲಗೆ ಮಾತ್ರ ಪಕ್ಕದವರದು. ನನ್ನ ಒಂದು ಗುಂಡು ಸೊನ್ನೆಯಾಯಿತು. ಕೊನೆಗೆ ಏಳನೆಯ ಸ್ಥಾನ ಬಂತು. ಎಂಟನೆಯವರ ಪಿಸ್ತೂಲು ಅರ್ಧದಲ್ಲೇ ಕೆಟ್ಟುನಿಂತಿತ್ತು.

ಅಲ್ಲಿಂದ ಸೀದಾ ಲಿಟಲ್ ಇಂಡಿಯಾಕ್ಕೆ ಊಟಕ್ಕೆ ಹೋದೆವು. ಎಲೆಗೆ ಅನ್ನ ಬಿದ್ದ ಮೇಲೆ ಮಾವ ಬಾಯಿಬಿಟ್ಟರು.

"ನಿನಗೊಂದ್ ಮಾತ್ ಹೇಳ್ತೀನಿ, ನಗಬ್ಯಾಡ. ನಾ ಇವತ್ತಿನ ತನಕಾ ಒಂದ್ ಗುಂಡೂ ಹಾರಿಸಿಲ್ಲ."

"ಮಾವ, ಮೂವತ್ತು ವರ್ಷ ಇಟ್ಕೊಂಡಿದ್ರಲ್ಲ?"

"ಇಟ್ಕೊಂಡಿದ್ದೆ ಅಷ್ಟ. ಸಪ್ಪಳಾ ಅಂದ್ರ ನನಗ ಆಗಂಗಿಲ್ಲ. ಕ್ವಾರ್‍ಯಾಗ ಮದ್ದು ಸಿಡಿಸೋ ಮುಂದ ನಾ ಜೀಪ್ ತಗೊಂಡು ಊರಿಗೆ ಹೋಗಿಬಿಡ್ತಿದ್ದೆ. ಇಲೆಕ್ಷನ್ ಬಂದಾಗ ಎಲ್ಲಾರೂ ಬಂದೂಕು ಸ್ಟೇಷನ್ನಿಗೆ ಒಪ್ಪಸಬೇಕಲ್ಲ, ಆ ಒಂದೆರಡು ತಿಂಗಳು ನನಗ ಛಲೋ ನಿದ್ದಿ ಬರ್ತಿತ್ತು. ಕಳ್ಳಗ ಅಂಜತಿರಲಿಲ್ಲವ್ವಾ. ಬೀರೂದಾಗಿನ ಅದಕ್ಕ ಅಂಜತಿದ್ದೆ."

ನಗಬೇಡ ಎಂದಿದ್ದರಿಂದ ತಡೆದುಕೊಂಡೆ. ಆಮೇಲೆ ಅವರೇ ನಕ್ಕರು. ನನ್ನ ಸುಳ್ಳು ಗುಂಡಿನ ಕತೆ ಹೇಳಿದೆ. ಅವರು ಉಣ್ಣುವುದು ಬಿಟ್ಟು ಕೇಳಿ, "ನಿಮ್ಮ ಕ್ಲಬ್ಬಿನ್ಯಾಗ ಸಪ್ಪಳಿಲ್ಲದ್ದು ಏನರ ಐತೇನು?" ಎಂದರು.

ಇತ್ತು. ಅತಿಥಿಗಳಿಗೆಂದು ಗಾಳಿಯ ಪಿಸ್ತೂಲು ಇಟ್ಟಿರುತ್ತಾರೆ. ಮುಂದಿನ ಶನಿವಾರ ಕೋಚ್ ಮಾವನ ಮೊಣಕೈ ಹಿಡಿದು ನಿಂತರು. ಒಬ್ಬರಿಗೆ ಕನ್ನಡ ಬರದು, ಇನ್ನೊಬ್ಬರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. "ಸ್ಲೋ, ಸ್ಲೋ," ಎಂದು ಒಬ್ಬರು, "ಹೂಂ, ಹೂಂ," ಎಂದು ಇನ್ನೊಬ್ಬರು, ಅರ್ಧ ಗಂಟೆ. ಹತ್ತರಲ್ಲಿ ಮೂರು ಕಾಗದಕ್ಕೆ ಬಿದ್ದವು. ಮಾವ ಆ ಕಾಗದವನ್ನು ಮಡಿಸಿ ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡರು. ಊರಿಗೆ ಹೊರಟ ದಿನ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ತೆರೆದ ಅಧಿಕಾರಿ ಅದೇನೆಂದು ಕೇಳಿದಾಗ, ಬಿಡಿಸಿ ಮೂರು ತೂತುಗಳನ್ನೂ ತೋರಿಸಿಯೇ ಒಳಗೆ ಹೋದರು.