ಎಂಟು ಮುಖದ ಪಟಿಕ

ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಮೂವತ್ತು ವರ್ಷ ಹುಡುಗರ ಕೈಲಿ ಪಟಿಕ ಮಾಡಿಸಿದವನು ನಾನು. ಅಲ್ಯೂಮಿನಿಯಂ ಹಾಳೆಯ ಚೂರುಗಳನ್ನು ಕಾಸ್ಟಿಕ್ ಪೊಟ್ಯಾಶ್ ದ್ರಾವಣಕ್ಕೆ ಹಾಕಿದರೆ ಬುಸುಗುಟ್ಟುತ್ತ ಕರಗುತ್ತವೆ. ಅದನ್ನು ಸೋಸಿ, ಗಂಧಕಾಮ್ಲ ಬೆರೆಸಿ, ತಣ್ಣಗಾಗಲು ಬಿಟ್ಟರೆ ತಳದಲ್ಲಿ ಹರಳು ಕೂರುತ್ತದೆ. ನಿಧಾನವಾಗಿ ತಣಿದಷ್ಟೂ ಹರಳು ದೊಡ್ಡದು ಎಂದು ಪ್ರತಿ ವರ್ಷವೂ ಹೇಳುತ್ತಿದ್ದೆ. ಹೇಳಿದ ಐದು ನಿಮಿಷಕ್ಕೆ, ಬೆಲ್ಲಿನೊಳಗೆ ಮುಗಿಸಬೇಕಲ್ಲ, ಬೀಕರುಗಳನ್ನು ನಲ್ಲಿಯ ಕೆಳಗೆ ಹಿಡಿಸುತ್ತಿದ್ದೆ. ಸಕ್ಕರೆಯಂಥ ಪುಡಿ ಬೀಳುತ್ತಿತ್ತು. ಅದಕ್ಕೇ ಮಾರ್ಕ್ಸ್ ಕೊಡುತ್ತಿದ್ದೆ. ದೊಡ್ಡ ಹರಳೊಂದನ್ನು ಕಣ್ಣಾರೆ ಕಾಣದೆಯೇ ನನಗೆ ಹಾರ ಹಾಕಿ ಕಳಿಸಿದರು.

ಈಗ ಬನಶಂಕರಿಯ ಮನೆಯಲ್ಲಿ ನನಗೆ ಬೇಕಾದಷ್ಟು ನಿಧಾನವಿದೆ. ನಿಂಬೆಹಣ್ಣಿನ ಗಾತ್ರದ, ಅಂಚು ಮುಕ್ಕಾಗದ, ಎಂಟು ಮುಖವೂ ಸಮನಾಗಿರುವ ಒಂದೇ ಒಂದು ಪಟಿಕದ ಹರಳು ಬೆಳೆಸಬೇಕು ಎಂದು ಹೋದ ವರ್ಷ ಸಂಕಲ್ಪ ಮಾಡಿದೆ. ಈ ವಯಸ್ಸಿನವರು ಕಾಶಿಗೆ ಹೋಗುತ್ತಾರೆ ಎಂದು ನನ್ನಾಕೆ ಗಮನಕ್ಕೆ ತಂದಳು.

ಗ್ರಂಥಿಗೆ ಅಂಗಡಿಗೆ ಹೋಗಿ ಅರ್ಧ ಕೆಜಿ ಪಟಿಕ ಕೇಳಿದೆ. ಅಂಗಡಿಯಾತ, "ಶೇವಿಂಗ್‌ಗಾ ಸಾರ್, ದೃಷ್ಟಿಗಾ?" ಎಂದ. ಗಾಯಕ್ಕೆ ಸವರಿದರೆ ರಕ್ತ ಕಟ್ಟುವ, ಬಗ್ಗಡದ ನೀರಿನಲ್ಲಿ ಆಡಿಸಿದರೆ ಮಣ್ಣನ್ನು ತಳಕ್ಕೆ ಇಳಿಸುವ, ಬಟ್ಟೆಗೆ ಬಣ್ಣ ಕಚ್ಚಿಸುವ ಒಂದು ಲವಣ ನಮ್ಮ ಬಡಾವಣೆಯಲ್ಲಿ ಕೊನೆಗೆ ಈ ಎರಡು ಉದ್ಯೋಗಗಳಲ್ಲಿ ಉಳಿದುಕೊಂಡಿದೆ. ಎರಡೂ ಅಲ್ಲ ಎಂದೆ. ಆತ ಮತ್ತೇನೂ ಕೇಳದೆ ಪೊಟ್ಟಣ ಕಟ್ಟಿದ.

ಬಿಸಿನೀರಿನಲ್ಲಿ ಕರಗಿಸಿ ಹಳೆಯ ಪಂಚೆಯಲ್ಲಿ ಸೋಸಿದೆ. ಕಾಫಿ ಫಿಲ್ಟರಿನ ಮೇಲೆ ಕಣ್ಣು ಹಾಕಿದ್ದೆ. ಅದನ್ನು ನನ್ನಾಕೆ ಎತ್ತಿಟ್ಟುಬಿಟ್ಟಿದ್ದಳು. ತಟ್ಟೆಯಲ್ಲಿ ಕೂತ ಸಣ್ಣ ಹರಳುಗಳಲ್ಲಿ ಲಕ್ಷಣವಾದದ್ದೊಂದನ್ನು ಆರಿಸಿ, ದಾರ ಕಟ್ಟಿ, ಉಪ್ಪಿನಕಾಯಿ ಭರಣಿಯಷ್ಟಗಲದ ಗಾಜಿನ ಜಾಡಿಯಲ್ಲಿ ಇಳಿಬಿಟ್ಟೆ. ಹೊಲಿಗೆ ಡಬ್ಬಿಯಲ್ಲಿ ಉಳಿದಿದ್ದದ್ದು ಕಪ್ಪು ದಾರ. ಫ್ಯಾನಿನ ಗಾಳಿ, ಬಿಸಿಲು, ಅಲುಗಾಟ ಯಾವುದೂ ಇಲ್ಲದ ಜಾಗ ಮನೆಯಲ್ಲಿ ಒಂದೇ: ದೇವರಕೋಣೆಯ ಮೂಲೆಯ ಹಲಗೆ. ಜಾಡಿಯನ್ನು ಅಲ್ಲಿಟ್ಟೆ. ಇಷ್ಟನ್ನೂ ವಿಜ್ಞಾನಕ್ಕಾಗಿಯೇ ಮಾಡಿದೆ ಎಂದು ಪ್ರಮಾಣ ಮಾಡಿ ಹೇಳುತ್ತೇನೆ.

ನಾಲ್ಕನೆಯ ವಾರ, ಒಂದು ಶುಕ್ರವಾರ, ಜಾಡಿಯ ನೀರು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಮನೆಗೆಲಸಕ್ಕೆ ಬರುವ ಹೆಂಗಸು ಸ್ನಾನ ಮಾಡಿಯೇ ಬಂದವಳು, ನೆಲ ಒರೆಸಿ, ಜಾಡಿಗೊಂದು ಚಿಟಿಕೆ ಕುಂಕುಮ ಹಾಕಿ ಕೈಮುಗಿದಿದ್ದಳು. ನನ್ನ ದನಿ ಏರಿರಬೇಕು. ಅವಳಿಗೆ ಅರ್ಥವಾಗಲಿಲ್ಲ. ದೇವರ ಮುಂದೆ ಕಪ್ಪು ದಾರದಲ್ಲಿ ಪಟಿಕ ಕಟ್ಟಿಟ್ಟವರು ಕುಂಕುಮ ಹಾಕುವುದನ್ನು ಮರೆತಿದ್ದಾರೆ, ಪಾಪ, ವಯಸ್ಸಾಯಿತು ಅಂದುಕೊಂಡಿದ್ದಳಂತೆ. ಹರಳನ್ನು ತಣ್ಣೀರಿನಲ್ಲಿ ಒಮ್ಮೆ ಅದ್ದಿ ತೆಗೆದು, ಹೊಸ ದ್ರಾವಣ ಮಾಡಿ ಮತ್ತೆ ಇಳಿಬಿಟ್ಟೆ. ಬದುಕಿಕೊಂಡಿತು.

ಆರನೆಯ ವಾರಕ್ಕೆ ಅದು ನಿಂಬೆಹಣ್ಣಾಯಿತು. ಕಿಟಕಿಯ ಬೆಳಕಿಗೆ ಹಿಡಿದರೆ ಇದ್ದೂ ಇಲ್ಲದಂತೆ ಕಾಣುವ, ಎಂಟು ಮುಖದ, ಎರಡು ಗೋಪುರಗಳನ್ನು ಬುಡಕ್ಕೆ ಬುಡ ಕೂಡಿಸಿದಂಥ ವಸ್ತು. ಕಪಾಟಿನಲ್ಲಿ ಅದಕ್ಕೆ ಜಾಗ ಮಾಡುತ್ತಿದ್ದಾಗ ಮನೆಗೆಲಸದವಳು ಪೊರಕೆ ಹಿಡಿದು ಬಾಗಿಲಲ್ಲಿ ನಿಂತಳು.

"ಅಂಕಲ್, ಇದು ನಂಗೆ ಕೊಡ್ತೀರಾ?"

ಅವಳೂ ಗಂಡನೂ ಹೊಸಕೆರೆಹಳ್ಳಿಯಲ್ಲಿ ಬೆಳಗಿನ ಹೊತ್ತು ಇಡ್ಲಿ ಗಾಡಿ ನಡೆಸುತ್ತಾರೆ. ಎದುರಿಗೇ ಒಂದು ದರ್ಶಿನಿ ಹೋಟೆಲು ಬಂದಿತ್ತು. ಆಮೇಲೆ ಗಾಡಿಗೆ ಬರುವವರು ಇಲ್ಲವಾಗಿದ್ದರು. ಈ ತಿಂಗಳೊಂದು ನೋಡೋಣ, ಆಮೇಲೆ ಗಾಡಿ ಮಾರಿ ಸೆಕ್ಯುರಿಟಿ ಕೆಲಸಕ್ಕೆ ಸೇರುತ್ತೇನೆ ಎಂದು ಗಂಡ ಹೇಳಿದ್ದ. ಹತ್ತು ವರ್ಷ ತಾನು ಹಿಟ್ಟು ರುಬ್ಬಿದ ಗಾಡಿ ಅದು, ಯಾರದೋ ಕಣ್ಣು ಬಿದ್ದಿದೆ ಎನ್ನುವುದು ಅವಳ ನಂಬಿಕೆ.

ನಾನು ಅವಳನ್ನು ಕೂರಿಸಿ ಒಂದು ಸಣ್ಣ ಉಪನ್ಯಾಸ ಕೊಟ್ಟೆ. ಇದರಲ್ಲಿ ಅಲ್ಯೂಮಿನಿಯಂ ಇದೆ, ಪೊಟ್ಯಾಸಿಯಂ ಇದೆ, ಗಂಧಕ ಇದೆ, ತೂಕದಲ್ಲಿ ಅರ್ಧಕ್ಕೂ ಸ್ವಲ್ಪ ಕಡಿಮೆ ಬರೀ ನೀರು. ಕಣ್ಣನ್ನು ತಡೆಯುವಂಥದ್ದು ಏನೂ ಇಲ್ಲ ಎಂದೆ. ಅವಳು ಪೂರ್ತಿ ಕೇಳಿಸಿಕೊಂಡಳು. ನನ್ನ ಎಷ್ಟೋ ವಿದ್ಯಾರ್ಥಿಗಳು ಅಷ್ಟು ಕೇಳಿರಲಿಲ್ಲ.

"ಇರ್ಲಿ ಅಂಕಲ್. ಅಂಗಡೀದು ಕಟ್ಟಿದ್ದೆ, ಏನೂ ಆಗ್ಲಿಲ್ಲ. ಇದು ದೇವ್ರ ಮನೇಲಿ ಬೆಳೆದಿರೋದು."

ಒಳಗಿನಿಂದ ನನ್ನಾಕೆ, "ಕಪಾಟಲ್ಲಿಟ್ಕೊಂಡು ನೀವೇನು ಮಾಡ್ತೀರಿ?" ಎಂದಳು. ನೋಡ್ತೀನಿ ಎಂದೆ. ಆ ಉತ್ತರ ನನ್ನ ಕಿವಿಗೇ ಬಡವಾಗಿ ಕೇಳಿಸಿತು. ಎರಡು ದಿನ ಸತಾಯಿಸಿದೆ. ಗಾಡಿ ಅಂದರೆ ಹಬೆ. ಪಟಿಕ ಅಂದರೆ ಬಿಸಿನೀರಿಗೆ ಕ್ಷಣಾರ್ಧದಲ್ಲಿ ಸೋಲುವ ಪದಾರ್ಥ. ಆರು ವಾರದ ತಪಸ್ಸು ಎಷ್ಟು ದಿನ ಬಾಳೀತು ಎಂಬ ಲೆಕ್ಕ ನನಗೆ ಗೊತ್ತಿತ್ತು. ಅವಳಿಗಿದ್ದದ್ದು ಒಂದೇ ತಿಂಗಳು ಎನ್ನುವುದೂ ಗೊತ್ತಿತ್ತು. ಮೂರನೆಯ ದಿನ ಹತ್ತಿಯಲ್ಲಿ ಸುತ್ತಿ ಕೊಟ್ಟೆ. ಕೊಡುವಾಗ, ಒಲೆಯಿಂದ ದೂರ ಕಟ್ಟು ಎಂದು ಎರಡೆರಡು ಸಲ ಹೇಳಿದೆ.

ಹದಿನೈದು ದಿನ ಬಿಟ್ಟು ಬೆಳಿಗ್ಗೆ ಬೆಳಿಗ್ಗೆ ಹೊಸಕೆರೆಹಳ್ಳಿಗೆ ಹೋದೆ. ಇಡ್ಲಿ ತಿನ್ನಲು ಎಂದು ಮನೆಯಲ್ಲಿ ಹೇಳಿದ್ದೆ. ಹರಳು ಇಡ್ಲಿ ಪಾತ್ರೆಯ ನೆತ್ತಿಯ ಮೇಲೇ ತೂಗುತ್ತಿತ್ತು. ಅಂಚುಗಳೆಲ್ಲ ಸವೆದು, ಮುಖಗಳು ಒಂದರೊಳಗೊಂದು ಕರಗಿ, ಚೀಪಿ ಬಿಟ್ಟ ಪೆಪ್ಪರ್‌ಮೆಂಟಿನಂತಾಗಿತ್ತು. ಆದರೂ ಏಳೂವರೆಯ ಬಿಸಿಲು ಅದರ ಮೇಲೆ ಬಿದ್ದು ಚಟ್ನಿ ಬಕೆಟ್ಟಿನ ಮೇಲೆ ಬಣ್ಣ ಚೆಲ್ಲುತ್ತಿತ್ತು. ಬೈಕಿನಲ್ಲಿ ಬಂದ ಇಬ್ಬರು ಇದೇನು ಗಾಜಾ, ವಜ್ರಾನಾ ಎಂದು ಕೇಳುತ್ತ ನಿಂತರು. ನಿಂತವರು ತಟ್ಟೆ ಹಿಡಿದರು. ಕಣ್ಣು ತಪ್ಪಿಸಲು ಕಟ್ಟಿದ್ದು ಕಣ್ಣನ್ನು ಕರೆಯುತ್ತಿತ್ತು. ಇದು ಯಾವ ಶಾಸ್ತ್ರಕ್ಕೆ ಸೇರುತ್ತದೋ ನನಗೆ ತಿಳಿಯಲಿಲ್ಲ.

ಅವಳು ನನ್ನನ್ನು ಕಂಡವಳೇ ಸೌಟಿನಿಂದಲೇ ಮೇಲಕ್ಕೆ ತೋರಿಸಿದಳು.

"ನೋಡಿ ಅಂಕಲ್, ಎಷ್ಟು ದೃಷ್ಟಿ ಇತ್ತು. ಅರ್ಧ ಕರಗೋಯ್ತು."

"ಅದು ಹಬೆಗೆ ಕರಗ್ತಿರೋದಮ್ಮ. ಆ ಕಡೆ ಮೂಲೇಗೆ ಕಟ್ಟಿದ್ರೆ ಹಾಗೇ ಇರುತ್ತೆ."

"ಆ ಕಡೆ ಯಾರು ನೋಡ್ತಾರೆ? ಜನ ನಿಂತ್ಕೊಳ್ಳೋದು ಈ ಕಡೆ."

ನಾನೂ ಒಂದು ತಟ್ಟೆ ಹಿಡಿದೆ. ಇಡ್ಲಿ ಮೆತ್ತಗಿತ್ತು, ದರ್ಶಿನಿಗಿಂತ ಚೆನ್ನಾಗಿತ್ತು, ಮೊದಲಿಂದಲೂ ಚೆನ್ನಾಗಿಯೇ ಇದ್ದಿರಬೇಕು. ಗಂಡ ತಲೆ ಎತ್ತದೆ ಪೊಟ್ಟಣ ಕಟ್ಟುತ್ತಿದ್ದ. ಸೆಕ್ಯುರಿಟಿ ಕೆಲಸದ ವಿಷಯ ಕೇಳಲೋ ಬೇಡವೋ ಎಂದು ನಾನು ಯೋಚಿಸುತ್ತಿದ್ದಾಗ ಅವಳೇ ತಗ್ಗಿದ ದನಿಯಲ್ಲಿ, ಅವರು ಮುಂದಿನ ತಿಂಗಳೂ ನೋಡೋಣ ಅಂದಿದ್ದಾರೆ ಎಂದಳು. ಆಮೇಲೆ ಮೇಲೆ ತೂಗುತ್ತಿದ್ದದ್ದನ್ನು ಒಮ್ಮೆ ಅಳೆದು ನೋಡಿದಳು.

"ಇನ್ನೊಂದು ಬೆಳೆಯಕ್ಕೆ ಎಷ್ಟು ದಿನ ಬೇಕು ಅಂಕಲ್?"

ಆರು ವಾರ ಎಂದೆ.

"ಅಷ್ಟು ದಿನ ಇದು ಬರಲ್ಲ. ಇವತ್ತೇ ಶುರು ಮಾಡ್ಬಿಡಿ."

ಗ್ರಂಥಿಗೆ ಅಂಗಡಿ ತೆರೆಯಲು ಇನ್ನೂ ಹೊತ್ತಿತ್ತು. ಇನ್ನೊಂದು ಪ್ಲೇಟ್ ಹಾಕಿಸಿಕೊಂಡು ಅಲ್ಲೇ ನಿಂತೆ.