ಚೂರತ್ತೆಯ ಮೇಜು

ನಾನು ಬರೆದದ್ದರಲ್ಲಿ ಅತಿ ಹೆಚ್ಚು ಜನ ಓದಿರುವ ವಾಕ್ಯ "ಚೂರುಗಳನ್ನು ಬಾಯಿಗೆ ಹಾಕಿಕೊಳ್ಳಬಾರದು." ಆಮೇಲೆ ಬರೆದ ಪುಸ್ತಕಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿದರೂ ಆ ಒಂದು ಸಾಲಿನ ಮೊಣಕಾಲಿಗೆ ಬರುವುದಿಲ್ಲ. ಲೆಕ್ಕವಿಲ್ಲದಷ್ಟು ಡಬ್ಬಿಗಳ ಮೇಲೆ ಅಚ್ಚಾದ ವಾಕ್ಯ ಅದು. ವಿಮರ್ಶಕರು ಅದರ ಬಗ್ಗೆ ತುಟಿ ಬಿಚ್ಚಲಿಲ್ಲ. ಮಕ್ಕಳು ಓದಿಯೂ ಚೂರುಗಳನ್ನು ಚೀಪಿದರು. ಸಾಹಿತ್ಯದಿಂದ ಸಮಾಜ ಬದಲಾಗುವುದಿಲ್ಲ ಎನ್ನುವುದು ನನಗೆ ಇಪ್ಪತ್ತೆರಡನೇ ವಯಸ್ಸಿಗೇ ಖಚಿತವಾಯಿತು.

ಡಬ್ಬಿಗಳ ಮೇಲೆ ಬರೆಯುವ ಆ ಕೆಲಸ ಕೊಡಿಸಿದವರು ನನ್ನ ಸೋದರತ್ತೆ. ಆಟದ ಸಾಮಾನಿನ ಕಾರ್ಖಾನೆಯಲ್ಲಿ ಅವರದು ಪರೀಕ್ಷೆಯ ಮೇಜು. ಒಂದು ಚಿತ್ರವನ್ನು ರಟ್ಟಿಗೆ ಅಂಟಿಸಿ, ಅಂಕುಡೊಂಕಾಗಿ ಚೂರು ಮಾಡಿ, ಮತ್ತೆ ಜೋಡಿಸಿ ಅಂತ ಮಕ್ಕಳಿಗೆ ಕೊಡುವ ಪಜಲ್‌ ಗೊತ್ತಲ್ಲ, ಆ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು ಅದೇ. ನೆಲದ ಮೇಲೆ ಹರಡಿ ಆಡುವ ದೊಡ್ಡ ಗಾತ್ರದ್ದು, ಒಂದೊಂದು ಚೂರೂ ಅಂಗೈಯಗಲ. ತಯಾರಾಗಿ ಬಂದ ಪ್ರತಿ ಕಂತಿನಿಂದ ಒಂದು ಡಬ್ಬಿ ತೆಗೆದು, ಚಿತ್ರ ಪೂರ್ತಿ ಜೋಡಿಸಿ, ಎಲ್ಲ ಸರಿ ಇದೆ ಎಂದು ತಲೆಯಾಡಿಸುವುದು ಅತ್ತೆಯ ಕೆಲಸ. ಐವತ್ತರ ಹೆಂಗಸು ದಿನವಿಡೀ ಮಕ್ಕಳಾಟ ಆಡಿ ಸಂಬಳ ತರುವುದು ಕಂಡು ನಮ್ಮ ಬೀದಿಯವರಿಗೆ ಹೊಟ್ಟೆಕಿಚ್ಚು. ಮನೆಯಲ್ಲೂ ಹೊರಗೂ ಅವರು ಎಲ್ಲರಿಗೂ ಚೂರತ್ತೆ.

ಈ ಕೆಲಸದವರಿಗೆ ಒಂದು ಅಭ್ಯಾಸ ಅಂಟಿಕೊಂಡಿರುತ್ತದೆ: ಮೊದಲು ಅಂಚು, ಆಮೇಲೆ ನಡು. ಚೂರತ್ತೆ ನೆಲ ಒರೆಸಿದರೂ ಗೋಡೆಯಂಚಿನಿಂದ, ಊಟ ಮಾಡಿದರೂ ತಟ್ಟೆಯಂಚಿನಿಂದ. ಬೈಯುವುದಂತೂ ಅಪ್ಪಟ ಅದೇ ಕ್ರಮ. ಪಕ್ಕದ ಮನೆಯ ಬೆಕ್ಕಿನಿಂದ ಶುರುವಾಗಿ, ನಾನು ಒಣಹಾಕಿದ ಟವೆಲ್ಲಿಗೆ ಬಂದು, ನನ್ನ ಗಡ್ಡ ಮುಟ್ಟಿ, ಸಂಜೆಯ ಹೊತ್ತಿಗೆ ನಡುವಿನ ಚೂರು ಕೂರುತ್ತಿತ್ತು: "ಯಾವಾಗ ಕಣೋ ಮದುವೆ?" ಮನೆಯಲ್ಲಿ ಪಿಂಗಾಣಿ ತಟ್ಟೆ ಒಡೆದರೆ ಬೇರೆಯವರು ಅಯ್ಯೋ ಅನ್ನುತ್ತಾರೆ, ಅತ್ತೆ ಸೆರಗು ಸಿಕ್ಕಿಸಿಕೊಂಡು, "ಯಾರೂ ಮುಟ್ಟಬೇಡಿ, ನನ್ನದು!" ಎಂದು ಓಡಿ ಬರುತ್ತಿದ್ದರು. ಮಾವ ಮಾತ್ರ ಈ ಭಾಗ್ಯವನ್ನೆಲ್ಲ ಮೂವತ್ತು ವರ್ಷ ನಗುನಗುತ್ತಾ ಸಹಿಸಿದವರು. "ನನ್ನನ್ನೂ ಬಿಚ್ಚಿ ಜೋಡಿಸ್ತಾಳೆ ಅಂತ ಭಯ ಕಣಪ್ಪ, ಅದಕ್ಕೇ ಅಲ್ಲಾಡದೆ ಮಲಗ್ತೀನಿ" ಅನ್ನುತ್ತಿದ್ದರು.

ಅತ್ತೆಗೆ ಗಂಡನ ನಂತರ ಪ್ರೀತಿಯಿದ್ದದ್ದು ಆ ಮೇಜಿನ ಮೇಲೆ. ಅಥವಾ ಮಾವನೇ ಮೇಜಿನ ನಂತರವೋ, ಇವತ್ತಿಗೂ ತೀರ್ಮಾನವಾಗಿಲ್ಲ. ಕಿಟಕಿಯ ಪಕ್ಕ, ಬೆಳಗಿನ ಬಿಸಿಲು ಬೀಳುವ ಜಾಗ. ಕೈ ಆಡಿ ಆಡಿ ಮರ ಕನ್ನಡಿಯಂತಾಗಿತ್ತು.

ಆ ಮೇಜಿಗೇ ಒಂದು ದಿನ ಕಂಟಕ ಬಂತು. ಕಾರ್ಖಾನೆಯ ಯಜಮಾನರ ಅಳಿಯ ಹೊಸದಾಗಿ ಮ್ಯಾನೇಜರ್ ಆಗಿದ್ದರು. ಗೇಟಿನ ಕಾವಲುಗಾರನಿಂದ ಹಿಡಿದು ಇಡೀ ಕಾರ್ಖಾನೆಗೇ ಅವರು ಅಳಿಯಂದಿರು. ಒಳ್ಳೆಯ ಮನುಷ್ಯ, ಆದರೆ ಹೊಸ ತೂಕದ ಯಂತ್ರವೊಂದನ್ನು ತರಿಸಿ ಅದರ ಪ್ರೇಮದಲ್ಲಿ ಬಿದ್ದಿದ್ದರು.

"ಅಮ್ಮ, ಡಬ್ಬೀನ ಇದರ ಮೇಲಿಟ್ರೆ ಮುಗೀತು. ಒಂದು ಚೂರು ಕಮ್ಮಿ ಇದ್ರೂ ತೂಕ ಹೇಳುತ್ತೆ. ಜೋಡಿಸಿ ನೋಡೋದು ಯಾಕೆ?"

"ಜೋಡಿಸದೆ ಚಿತ್ರ ಸರಿ ಇದೆ ಅಂತ ಹೇಗೆ ಗೊತ್ತಾಗುತ್ತೆ?"

"ತೂಕ ಸರಿ ಇದ್ರೆ ಚಿತ್ರ ಸರಿ ಇದ್ದ ಹಾಗೇ."

"ಹಾಗಾದ್ರೆ ನಿಮ್ಮ ಮದುವೆಗೆ ಹೆಣ್ಣನ್ನೂ ತೂಕ ಹಾಕೇ ನೋಡಿದ್ರಾ?"

ಅಳಿಯಂದಿರು ಕೆಂಪಗಾದರು, ಆದರೆ ನಿರ್ಧಾರ ಬದಲಾಗಲಿಲ್ಲ. ಕಾರ್ಖಾನೆಯ ಬೆಳ್ಳಿಹಬ್ಬಕ್ಕೆ ಯಜಮಾನರದೇ ಫೋಟೋದ ಒಂದು ಪಜಲ್‌ ಮಾಡಿಸಿದ್ದರು. ಸಭೆಯಲ್ಲಿ ಯಜಮಾನರ ಹೆಂಡತಿ ಅದನ್ನು ವೇದಿಕೆಯ ಮೇಲೆ ಜೋಡಿಸುವುದು ಕಾರ್ಯಕ್ರಮ. ಆ ಡಬ್ಬಿ ಅತ್ತೆಯ ಮೇಜಿಗೆ ಬರುವುದಿಲ್ಲ, ತೂಕ ಮಾತ್ರ ಹಾಕುವುದು. ಎಲ್ಲ ಸುಸೂತ್ರವಾದರೆ ಮುಂದಿನ ತಿಂಗಳಿಂದ ಪರೀಕ್ಷೆಯ ಮೇಜು ಬಂದ್, ಅತ್ತೆ ಅಂಟಿನ ಕೋಣೆಗೆ. ಅಂಟಿನ ವಾಸನೆಗೆ ಅತ್ತೆ ಸೀನುತ್ತಾರೆ. ಅವರ ಸೀನು ಅಂಥಿಂಥದ್ದಲ್ಲ, ಗೋಡೆಯ ಕ್ಯಾಲೆಂಡರಿನಲ್ಲಿ ತಿಂಗಳು ಮಗುಚುವಂಥದ್ದು.

ಬೆಳ್ಳಿಹಬ್ಬದ ದಿನ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಎಲ್ಲರೂ ಎದ್ದು ಹೋದ ಮೇಲೆ ಅತ್ತೆ ನನ್ನನ್ನು ಕಣ್ಸನ್ನೆಯಲ್ಲಿ ಕರೆದರು. ಕಂಕುಳಲ್ಲಿ ಯಜಮಾನರ ಡಬ್ಬಿ.

"ಅತ್ತೆ, ಇದು ಅಳಿಯಂದಿರ ಮೇಜಿನ ಮೇಲಿತ್ತಲ್ಲ!"

"ಇತ್ತು. ನಾನು ನೋಡದೆ ಒಂದು ಚಿತ್ರವೂ ಈ ಬಾಗಿಲು ದಾಟಿಲ್ಲ ಕಣೋ. ನೀನು ಬಾಗಿಲಲ್ಲಿ ನಿಂತ್ಕೋ."

ನಿಂತೆ. ಕಾವಲಿಗೆ ನನ್ನನ್ನು ಆರಿಸಿದ್ದು ಎಂಥ ತಪ್ಪು ಎಂದು ಅವರಿಗೂ ಗೊತ್ತಿತ್ತು. ನಾನು ಬಾಗಿಲಿಗೆ ಬೆನ್ನು ಮಾಡಿ ಮೇಜಿನ ಕಡೆಯೇ ನೋಡುತ್ತಿದ್ದೆ.

ಅತ್ತೆಯ ಬೆರಳು ಓಡುವುದನ್ನು ನೋಡಬೇಕು. ಅಂಚು, ನೀಲಿ ಪರದೆ, ಕೋಟು, ಕನ್ನಡಕ, ಕೊನೆಗೆ ಆ ಪ್ರಸಿದ್ಧ ಮೀಸೆ. ಎರಡು ಅಳಿಲುಗಳು ಮೂಗಿನ ಕೆಳಗೆ ಬಾಲಕ್ಕೆ ಬಾಲ ತಾಗಿಸಿ ಮಲಗಿದಂಥ ಮೀಸೆ ಅದು. ಒಂದು ಚೂರೂ ತಪ್ಪಿರಲಿಲ್ಲ. ಅಳಿಯಂದಿರ ಯಂತ್ರ ಗೆದ್ದಿತ್ತು. ಅತ್ತೆ ಮೇಜನ್ನು ಅಂಗೈಯಿಂದ ಸವರಿ, "ಹೋಯ್ತು ಬಿಡು" ಎಂದರು. ಅವರ ಮುಖ ಅಷ್ಟು ಚಿಕ್ಕದಾದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಅದೇ ಮೇಜಿನ ಇನ್ನೊಂದು ಬದಿಯಲ್ಲಿ ಬೆಳಗ್ಗೆ ಜೋಡಿಸಿಟ್ಟಿದ್ದ ಆ ದಿನದ ಕಂತಿನ ಚಿತ್ರವಿತ್ತು: ನೀಲಿ ನದಿಯಲ್ಲಿ ನಿಂತು ಆಕಳಿಸುತ್ತಿರುವ ನೀರಾನೆ. ಇಲ್ಲಿ ಒಂದು ವಿಷಯ ಹೇಳಬೇಕು. ರಟ್ಟನ್ನು ಚೂರು ಮಾಡುವ ಅಚ್ಚು ಇಡೀ ಕಾರ್ಖಾನೆಗೆ ಇದ್ದದ್ದು ಒಂದೇ. ಹಡಗಾಗಲಿ, ಹುಲಿಯಾಗಲಿ, ಯಜಮಾನರಾಗಲಿ, ಎಲ್ಲರೂ ಒಂದೇ ಆಕಾರದ ಚೂರುಗಳಾಗುತ್ತಿದ್ದರು. ಹುಲಿಯ ನಡುವಿನ ಚೂರು ಹಡಗಿನ ನಡುವಿಗೂ ಅಚ್ಚುಕಟ್ಟಾಗಿ ಕೂರುತ್ತಿತ್ತು.

ಅತ್ತೆ ಯಜಮಾನರನ್ನು ನೋಡಿದರು. ನೀರಾನೆಯನ್ನು ನೋಡಿದರು. ತುಟಿಯ ಒಂದು ಮೂಲೆ ಮೇಲೆದ್ದಿತು.

"ಬೇಡ ಅತ್ತೆ" ಎಂದೆ.

"ಒಂದೇ ಒಂದ್ಸಲ ಕಣೋ."

ಮೀಸೆಯ ಆರು ಚೂರು ಎತ್ತಿ ಪಕ್ಕಕ್ಕಿಟ್ಟರು, ಅದೇ ಜಾಗಕ್ಕೆ ನೀರಾನೆಯ ತೆರೆದ ಬಾಯಿ ಇಟ್ಟರು. ಕನ್ನಡಕ, ಗಂಭೀರ ಹುಬ್ಬು, ಇಸ್ತ್ರಿ ಕೋಟು. ನಡುವೆ ಗುಲಾಬಿ ಬಣ್ಣದ ಗುಹೆ, ಅದರಲ್ಲಿ ಗೂಟದಂಥ ನಾಲ್ಕು ಹಲ್ಲು. ಮೀಸೆ ನೀರಾನೆಗೆ ಹೋಯಿತು. ಅದಂತೂ ಯಾವುದೋ ಬ್ಯಾಂಕಿನ ನಿವೃತ್ತ ಅಧಿಕಾರಿಯಂತೆ ಕಾಣತೊಡಗಿತು.

ಅತ್ತೆ ಮೇಜಿನ ಮೇಲೆ ತಲೆಯಿಟ್ಟು ನಕ್ಕರು. ನಾನು ಗೋಡೆಗೆ ಜಾರಿ ನೆಲಕ್ಕೆ ಕೂತೆ. ಕಾವಲುಗಾರ ಹೀಗೆ ಕೂತಿರುವಾಗಲೇ ಮೆಟ್ಟಿಲ ಮೇಲೆ ಅಳಿಯಂದಿರ ಬೂಟು ಸದ್ದು ಮಾಡಿತು. ಅತ್ತೆ ಎರಡೂ ಚಿತ್ರಗಳನ್ನು ಎರಡು ಕೈಯಲ್ಲಿ ಬಾಚಿ ಎರಡು ಡಬ್ಬಿಗೆ ತುಂಬಿ ಮುಚ್ಚಳ ಹಾಕಿದರು.

"ಓ, ಡಬ್ಬಿ ಇಲ್ಲಿದೆಯಾ? ಹುಡುಕ್ತಾ ಇದ್ದೆ."

"ಧೂಳು ಒರೆಸೋಣ ಅಂತ ತಂದೆ."

ಅಳಿಯಂದಿರು ಅದನ್ನು ನಮ್ಮೆದುರೇ ಯಂತ್ರದ ಮೇಲಿಟ್ಟರು. "ನೋಡಿದ್ರಾ? ಸರಿಯಾಗಿದೆ. ತೂಕ ಸುಳ್ಳು ಹೇಳಲ್ಲ ಅಮ್ಮ." ಡಬ್ಬಿ ಹಿಡಿದು ಹೊರಟರು. ಬೂಟಿನ ಸದ್ದು ಮೆಟ್ಟಿಲಿಳಿದು ಮರೆಯಾದ ಮೇಲೆ ಅತ್ತೆ ನನ್ನ ತೋಳು ಹಿಡಿದರು. ಕಣ್ಣಲ್ಲಿನ್ನೂ ನಗುವಿನ ನೀರು.

"ಲೋ... ಮೀಸೆ!"

ವಾಪಸ್ ಬದಲಾಯಿಸಲು ಮರೆತಿದ್ದರು.

ಸಭೆ ಶುರುವಾಗುವ ಮುಂಚೆ ಅತ್ತೆ ಅಳಿಯಂದಿರ ಹತ್ತಿರ ಹೋದರು. ನಾನೂ ಜೊತೆಗೆ, ಧೈರ್ಯ ತುಂಬಲು. ಅಂದರೆ ಅವರ ಹಿಂದೆ.

"ಅಳಿಯಂದಿರೇ, ಆ ಡಬ್ಬಿ ವಿಷಯ ಒಂದು ಮಾತು..."

"ಅಮ್ಮ, ಮೇಜಿನ ವಿಷಯ ನಾಳೆ ಮಾತಾಡೋಣ."

"ಮೇಜಲ್ಲ, ಮೀಸೆ!"

"ಮೀಸೆ ಸಮೇತವೇ ಬಂದಿದ್ದಾರಮ್ಮ ಮಾವನವರು, ಅಲ್ಲಿ ನೋಡಿ" ಎಂದು ವೇದಿಕೆ ತೋರಿಸಿ, ಮೈಕ್ ಸರಿಮಾಡಲು ಓಡಿದರು.

ನಾವು ಮೂರನೇ ಸಾಲಿನಲ್ಲಿ ಕೂತೆವು. ಅತ್ತೆ ನನ್ನ ಕೈಯನ್ನು ಹಿಂಡುತ್ತಿದ್ದ ರೀತಿಗೆ ಇನ್ನು ಈ ಕೈಯಲ್ಲಿ ಬರೆಯಲಾರೆ ಅನ್ನಿಸಿತು. ಬರೆದೆನಲ್ಲ, ಅದರ ಹೊಣೆ ಅವರದಲ್ಲ. "ಅಂಟಿನ ಕೋಣೆಯೂ ಸಿಗಲ್ಲ ಕಣೋ ಇನ್ನು. ನಿನ್ನ ಕೆಲಸವೂ ಹೋಯ್ತು" ಎಂದು ಪಿಸುಗುಟ್ಟಿದರು.

ಯಜಮಾನಿಯಮ್ಮ ವೇದಿಕೆಯ ಓರೆ ಹಲಗೆಯ ಮೇಲೆ ಅಂಚಿನಿಂದ ಶುರುಮಾಡಿದರು. ಪರದೆಯ ನೀಲಿ ಬಂತು, ಕೋಟು ಬಂತು, ಚಪ್ಪಾಳೆ. ಕನ್ನಡಕ ಬಂತು, ಇನ್ನೂ ಜೋರು ಚಪ್ಪಾಳೆ. ನಡುವೆ ಆರು ಚೂರಿನ ಖಾಲಿ ಜಾಗ ಉಳಿಯಿತು. ಯಜಮಾನಿಯಮ್ಮನ ಕೈಯಲ್ಲಿ ಗುಲಾಬಿ ಬಣ್ಣದ ಚೂರು. ತಿರುಗಿಸಿ ನೋಡಿದರು. ಇಟ್ಟರು. ಕೂತಿತು. ಇನ್ನೊಂದು ಇಟ್ಟರು. ಹಲ್ಲು. ಸಭೆಯಲ್ಲಿ ಚಪ್ಪಾಳೆ ಅರ್ಧಕ್ಕೇ ನಿಂತಿತು. ಆರನೆಯದೂ ಕೂತಿತು. ಅಳಿಯಂದಿರ ಕೈಯಲ್ಲಿದ್ದ ಮೈಕ್ ಮಾತ್ರ ಕುಂಯ್‌ಗುಟ್ಟಿತು.

ಯಜಮಾನಿಯಮ್ಮ ಎರಡು ಹೆಜ್ಜೆ ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟು ಚಿತ್ರವನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಮೈಕಿನ ಹತ್ತಿರ ಬಂದು ತಣ್ಣಗೆ ಹೇಳಿದರು:

"ಇದು ಬೆಳಗ್ಗೆ ಎದ್ದ ತಕ್ಷಣ ತೆಗೆದ ಫೋಟೋ ಅಲ್ವಾ?"

ಯಜಮಾನರು ಬಾಯಿ ತೆರೆದರು. ಬೈಯಲು ತೆರೆದರೋ ಏನೋ, ಆದರೆ ಒಳಗಿಂದ ನಗು ಬಂದುಬಿಟ್ಟಿತು. ಅವರು ಅಷ್ಟಗಲ ಬಾಯಿ ತೆರೆದು ನಕ್ಕದ್ದನ್ನು ಯಾರೂ ಕಂಡಿರಲಿಲ್ಲ. ಹಿಂದೆ ಚಿತ್ರ, ಮುಂದೆ ಅವರು, ಗುಲಾಬಿ ಬಣ್ಣ ಸಮೇತ ಎರಡೂ ಒಂದೇ! ಸಭೆ ನಕ್ಕು ನಕ್ಕು ಕುರ್ಚಿಯಿಂದ ಕೆಳಗಿಳಿಯಿತು. ಅಂಟಿನ ಕೋಣೆಯವರು ಒಬ್ಬರಿಗೊಬ್ಬರು ಅಂಟಿಕೊಂಡು ನಕ್ಕರು.

ಆ ಗದ್ದಲದಲ್ಲಿ ಅತ್ತೆ ಎದ್ದು ನಿಂತರು. "ಯಜಮಾನ್ರೇ, ಅದು ನನ್ನ ಕೆಲಸ."

"ಯಾಕಮ್ಮ ಮಾಡಿದೆ?" ಅವರು ಕಣ್ಣೊರೆಸಿಕೊಳ್ಳುತ್ತಿದ್ದರು.

"ಚೆನ್ನಾಗಿ ಕಾಣುತ್ತೆ ಅನ್ನಿಸ್ತು."

"ಹಾಗಾದ್ರೆ ನನ್ನ ಮೀಸೆ ಎಲ್ಲಿ?"

"ನೀರಾನೆಗಿದೆ."

"ತಗೊಂಬಾ!"

ನಾನು ಓಡಿಹೋಗಿ ನೀರಾನೆಯ ಡಬ್ಬಿ ತಂದುಕೊಟ್ಟೆ. ಯಜಮಾನಿಯಮ್ಮ ಅದನ್ನೂ ಜೋಡಿಸಿ, ಗಂಡನನ್ನೂ ನೀರಾನೆಯನ್ನೂ ಬಹಳ ಹೊತ್ತು ಹೋಲಿಸಿ, "ಮೀಸೆ ಇದಕ್ಕೇ ಚೆನ್ನಾಗಿ ಒಪ್ಪುತ್ತೆ" ಎಂದು ತೀರ್ಪು ಕೊಟ್ಟರು. ಯಜಮಾನರಿಗೆ ಏನೋ ಹೊಳೆಯಿತು. ಅಳಿಯನನ್ನು ಕರೆದು ಎರಡನ್ನೂ ತೂಕ ಹಾಕಲು ಹೇಳಿದರು. ಪಾಪ, ಅಳಿಯಂದಿರು ಯಂತ್ರ ಹೊತ್ತು ತಂದು, ಹಾಕಿ, ಮೈಕಿನಲ್ಲೇ ಹೇಳಬೇಕಾಯಿತು: "ಮಾವ ಮತ್ತು ನೀರಾನೆ... ಒಂದೇ ತೂಕ." ಆಮೇಲೆ ತಾವೇ ತಡೆಯಲಾರದೆ ಯಂತ್ರದ ಮೇಲೆ ಒರಗಿ ನಕ್ಕರು. ಯಂತ್ರ ಅವರ ನಗುವಿನ ತೂಕವನ್ನೂ ಮೇಲೆ ಕೆಳಗೆ ತೋರಿಸುತ್ತಿತ್ತು.

"ಈ ಮೇಜು ಇದ್ದಲ್ಲೇ ಇರಲಿ" ಎಂದರು ಯಜಮಾನರು. "ತಪ್ಪು ಹಿಡಿಯೋದಕ್ಕಲ್ಲ, ಮಾಡೋದಕ್ಕೆ."

ಹಾಗೆ ಶುರುವಾದದ್ದು ಅದಲು ಬದಲು ಡಬ್ಬಿ: ಒಂದರಲ್ಲಿ ಎರಡು ಚಿತ್ರ, ಯಾರ ತಲೆ ಯಾರಿಗಾದರೂ ಇಡಿ. ಅಳಿಯಂದಿರೇ ಊಟದ ಹೊತ್ತಿನಲ್ಲಿ ಕುರ್ಚಿ ಎಳೆದುಕೊಂಡು ಬಂದು ಕೂರತೊಡಗಿದರು. "ಅಮ್ಮ, ಹಡಗಿಗೆ ಕೋಳಿ ಮೂತಿ ಇಟ್ರೆ?" "ಇಡಿ, ಆದ್ರೆ ಜುಟ್ಟು ಹೊಗೆ ಕೊಳವೆಗೆ ಬರ್ಲಿ." ನಾನು ಡಬ್ಬಿಯ ಮೇಲೆ ಬರೆದ ಹೊಸ ಸಾಲು, "ತಪ್ಪಾಗಿ ಜೋಡಿಸಿದರೆ ಸರಿ." ಅದನ್ನೂ ವಿಮರ್ಶಕರು ಗಮನಿಸಲಿಲ್ಲ.

ಅತ್ತೆ ನಿವೃತ್ತರಾದಾಗ ಕಾರ್ಖಾನೆಯವರು ಉಡುಗೊರೆ ಏನು ಬೇಕು ಅಂತ ಕೇಳಿದರು. ಅವರು ಕೇಳಿದ್ದು ಮೇಜು. ಕೊಟ್ಟರು. ಆದರೆ ಅದು ಮನೆಯ ಬಾಗಿಲಲ್ಲಿ ತೂರಲಿಲ್ಲ. ಬಡಗಿ ಬಂದು ಕಾಲುಗಳನ್ನು ಬಿಚ್ಚಿ, ಹಲಗೆಯನ್ನು ಎರಡಾಗಿ ಸೀಳಿ, ಎಲ್ಲವನ್ನೂ ನಡುಮನೆಯಲ್ಲಿ ರಾಶಿ ಹಾಕಿ, ಕಾಲು ಸಡಿಲವಾದ ತನ್ನ ಎತ್ತರದ ಸ್ಟೂಲನ್ನೂ ಅದಕ್ಕೇ ಒರಗಿಸಿದ. ಮೇಜು ಚೂರಾದದ್ದು ಕಂಡು ಅತ್ತೆ ಅತ್ತಾರು ಎಂದು ಹೆದರಿದ್ದೆ. ಅವರು ಆಗಲೇ ಸೆರಗು ಸಿಕ್ಕಿಸಿಕೊಂಡಿದ್ದರು. "ಯಾರೂ ಮುಟ್ಟಬೇಡಿ. ನನ್ನದು!"

"ಅಂಚಿನಿಂದ ಶುರು ಮಾಡೇ" ಎಂದರು ಮಾವ, ಸುರಕ್ಷಿತ ದೂರದಲ್ಲಿ ನಿಂತು.

ಅತ್ತೆ ತೋರಿಸಿದ ಕಡೆ ಬಡಗಿ ಮೊಳೆ ಹೊಡೆದ. ಸಂಜೆಗೆ ಮೇಜು ಕಿಟಕಿಯ ಪಕ್ಕ ನಾಲ್ಕು ಕಾಲಿನ ಮೇಲೆ ನಿಂತಿತು, ಸ್ವಲ್ಪ ನನ್ನ ಕಡೆಗೇ ವಾಲಿಕೊಂಡು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಬಡಗಿ ದಣಿವಾರಿಸಿಕೊಳ್ಳಲು ತನ್ನ ಸ್ಟೂಲಿನ ಮೇಲೆ ಕೂತ. ಕೂತವನು ಮರುಕ್ಷಣ ನೆಲದ ಮೇಲಿದ್ದ, ಸ್ಟೂಲಿಗೆ ಒಂದು ಕಾಲೇ ಇರಲಿಲ್ಲ. ಪಕ್ಕದಲ್ಲಿ ಮೇಜಿನ ನಿಜವಾದ ಕಾಲೊಂದು ಅನಾಥವಾಗಿ ಬಿದ್ದಿತ್ತು.

ನಾವೆಲ್ಲ ಮೇಜಿನ ಕಡೆ ತಿರುಗಿದೆವು. ಸ್ಟೂಲಿನ ಕಾಲು ಎಷ್ಟು ನೀಟಾಗಿ ಕೂತಿತ್ತೆಂದರೆ ಹುಟ್ಟಿನಿಂದಲೂ ಅಲ್ಲೇ ಇದ್ದಂತಿತ್ತು.

"ಬಿಚ್ಚಿ ಬದಲಾಯಿಸ್ಲಾ ಅಮ್ಮ?" ಎಂದ ಬಡಗಿ, ಬೆನ್ನು ನೀವಿಕೊಳ್ಳುತ್ತಾ.

ಅತ್ತೆಯ ತುಟಿಯ ಒಂದು ಮೂಲೆ ಮೇಲೆದ್ದಿತು.

"ಬೇಡಪ್ಪ, ಇದೇ ಚೆನ್ನಾಗಿದೆ. ಆ ಕಾಲು ನೀನು ತಗೊಂಡೋಗು. ನಿನ್ನ ಸ್ಟೂಲಿಗೆ ಹಾಕಿ, ಕೂತ್ಕೊಂಡು ನೋಡು."