ಬಾಗಿಲ ಪಕ್ಕದ ಸೀಟು

೧೯೬೩ನೇ ಇಸವಿ. ಮೂಡುಬಿದಿರೆಯ ಶಾಲೆಗೆ ನಾನು ಟೀಚರಾಗಿ ಸೇರಿ ವರ್ಷವೂ ತುಂಬಿರಲಿಲ್ಲ. ಪುತ್ತಿಗೆಯ ನಮ್ಮ ಮನೆಯ ಬಾವಿಕಟ್ಟೆಯಲ್ಲಿ ಅಮ್ಮ ಜಾರಿ ಬಿದ್ದು ಮೊಣಕಾಲಿನ ಚಿಪ್ಪು ಒಡೆದುಕೊಂಡರು. ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿದರು. ಬೊಂಬಾಯಿಯಲ್ಲಿ ಹೋಟೆಲು ನಡೆಸುತ್ತಿದ್ದ ಅಣ್ಣ ಅಲ್ಲಿನ ಆಸ್ಪತ್ರೆಯಲ್ಲಿ ಆಪರೇಶನ್‌ಗೆ ಏರ್ಪಾಡು ಮಾಡಿ, ಬಜ್ಪೆ ವಿಮಾನ ನಿಲ್ದಾಣದಿಂದ ಹೊರಡುವ ವಿಮಾನಕ್ಕೆ ನಮ್ಮಿಬ್ಬರ ಟಿಕೇಟು ಕಳುಹಿಸಿದ. ತಲುಪಿದ ಮರುದಿನ ಬೆಳಿಗ್ಗೆಯೇ ಆಪರೇಶನ್.

ನಾವಿಬ್ಬರೂ ವಿಮಾನವನ್ನು ಹತ್ತಿರದಿಂದ ಕಂಡದ್ದೇ ಆ ದಿನ. "ಅಮ್ಮನನ್ನು ಮೊದಲು ಹತ್ತಿಸಿ" ಎಂದು ಅಲ್ಲಿದ್ದ ಸಿಬ್ಬಂದಿಯೊಬ್ಬನಿಗೆ ಹೇಳಿದೆ. "ಎಲ್ಲರೂ ಹತ್ತಲಿ, ಮತ್ತೆ ನೋಡುವ" ಎಂದ. ಸೀಟಿಗೆ ನಂಬರು ಇಲ್ಲದ ಕಾಲ. ಜನ ಗಂಟು, ಚೀಲ ಹಿಡಿದು ಬಸ್ಸಿಗೆ ನುಗ್ಗಿದ ಹಾಗೆಯೇ ನುಗ್ಗಿದರು.

ಕೊನೆಗೆ ಇಬ್ಬರು ಕೂಲಿಯವರು ಅಮ್ಮನನ್ನು ಕುರ್ಚಿ ಸಮೇತ ಮೆಟ್ಟಿಲು ಹತ್ತಿಸಿದರು. ಬಾಗಿಲು ಇದ್ದದ್ದು ಹಿಂಬದಿಗೆ. ಬಾಲ ನೆಲಕ್ಕೆ ತಗ್ಗಿ ನಿಲ್ಲುವ ವಿಮಾನ, ಹಾಗಾಗಿ ಅಲ್ಲಿಂದ ಮುಂದಕ್ಕೆ ಏರು ದಾರಿ, ದಾರಿ ತುಂಬ ಸಾಮಾನು. ಸೀಟುಗಳ ಮೇಲಿನ ಹಲಗೆ ಟೊಪ್ಪಿ, ಕೊಡೆ ಇಡುವಷ್ಟೇ ಅಗಲ. ಖಾಲಿ ಸೀಟುಗಳು ಇದ್ದದ್ದು ಮುಂದಿನ ತುದಿಯಲ್ಲಿ ಮಾತ್ರ. ಕಾಲು ಚಾಚಲು ಜಾಗವಿದ್ದದ್ದು ಬಾಗಿಲ ಪಕ್ಕದ ಸೀಟಿನ ಮುಂದೆ. ಅಲ್ಲಿ ಯಾರೋ ಕೂತಾಗಿತ್ತು.

"ಆಗುವುದಿಲ್ಲ, ಇಳಿಸಿ. ಮುಂದಿನ ವಿಮಾನಕ್ಕೆ ಬನ್ನಿ" ಎಂದ ಸಿಬ್ಬಂದಿ.

ಅಮ್ಮನ ಮುಖ ಬಾಡಿತು. ನನಗೆ ಎಲ್ಲಿಂದ ಧೈರ್ಯ ಬಂತೋ, ತರಗತಿಯಲ್ಲಿ ಮಕ್ಕಳನ್ನು ಸುಮ್ಮನಾಗಿಸುವ ಸ್ವರದಲ್ಲೇ ಕೂಗಿದೆ: "ನನ್ನ ಅಮ್ಮನಿಗೆ ನಾಳೆ ಆಪರೇಶನ್ ಉಂಟು. ನಾವು ಇಳಿಯುವುದಿಲ್ಲ. ಈ ಸೀಟು ಯಾರಾದರೂ ಬಿಟ್ಟುಕೊಡಬೇಕು!"

ಎಲ್ಲರೂ ತಿರುಗಿ ನೋಡಿದರು. ಆ ಸೀಟಿನಲ್ಲಿದ್ದವರು ಬಂಟ್ವಾಳದ ಬಟ್ಟೆ ವ್ಯಾಪಾರಿ, ನಮ್ಮ ಕರಾವಳಿಯ ಮುಸಲ್ಮಾನರಾದ ವಯಸ್ಸಾದ ಬ್ಯಾರಿ. ದೊಡ್ಡದೊಂದು ಗಂಟನ್ನು ಅಪ್ಪಿಕೊಂಡಿದ್ದರು. "ಅಷ್ಟು ಜೋರು ಯಾಕೆ ತಂಗೀ? ನಾನು ಏಳ್ತೇನಲ್ಲ" ಎನ್ನುತ್ತ ಎದ್ದೇ ಬಿಟ್ಟರು.

ಅಮ್ಮನನ್ನು ಕೂರಿಸಿದೆವು. ಆದರೆ ಮಡಚಲು ಬಾರದ ಕಾಲು ಗಾಳಿಯಲ್ಲೇ ನಿಂತಿತ್ತು. ನೋವಿಗೆ ಅಮ್ಮ ಹಲ್ಲು ಕಚ್ಚಿದರು. ವ್ಯಾಪಾರಿ ಒಂದು ಗಳಿಗೆ ನೋಡಿದರು. ಮತ್ತೆ ಬಗ್ಗಿ ತಮ್ಮ ಗಂಟನ್ನೇ ಅಮ್ಮನ ಹಿಮ್ಮಡಿಯ ಕೆಳಗೆ ಮೆಲ್ಲನೆ ತಳ್ಳಿದರು.

"ಒಳಗೆ ಏನುಂಟು?" ಅಮ್ಮ ಕೇಳಿದರು.

"ಬಟ್ಟೆ ಅಮ್ಮಾ. ಬೊಂಬಾಯಿಯಲ್ಲಿ ತಮ್ಮನ ಮಗಳ ಮದುವೆ."

"ಅಯ್ಯೋ, ಮದುಮಗಳ ಬಟ್ಟೆಯ ಮೇಲೆ ಕಾಲಿಡುವುದಾ? ಬೇಡ, ತೆಗೆಯಿರಿ!"

"ತಾಯಿಯ ಕಾಲು ತಾಗಿದರೆ ಬಟ್ಟೆ ಹಾಳಾಗ್ತದಾ? ಸುಮ್ಮನೆ ಕೂತ್ಕೊಳ್ಳಿ."

ಅಷ್ಟು ಹೇಳಿ ಅವರು ದಾರಿಯ ಸಾಮಾನು ದಾಟುತ್ತ ಮುಂದಕ್ಕೆ ಹೋದರು. ಅದನ್ನು ಕಂಡು ಉಳಿದವರೂ ತಮ್ಮ ತಮ್ಮ ಚೀಲಗಳನ್ನು ಮಡಿಲಿಗೆ ಎಳೆದುಕೊಂಡರು. ದಾರಿ ತೆರವಾಯಿತು. ಸಿಬ್ಬಂದಿ ಬಾಗಿಲು ಹಾಕಿದ.

ಬೊಂಬಾಯಿಯಲ್ಲಿ ಅಮ್ಮ ಇಳಿಯುವವರೆಗೆ ವ್ಯಾಪಾರಿ ಗಂಟು ಮುಟ್ಟಲಿಲ್ಲ. ಆಮೇಲೆ ಗಂಟು ಎತ್ತಿಕೊಂಡು ಕೆಳಗೆ ಬಂದವರನ್ನು, "ಮದುಮಗಳ ಹೆಸರು?" ಎಂದು ಅಮ್ಮ ಕೇಳಿದರು. "ಜೈನಾಬಿ" ಎಂದರು. ಆ ಗಂಟಿನ ಮೇಲೆ ಕೈಯಿಟ್ಟು ಅಮ್ಮ, "ಜೈನಾಬಿ ನೂರು ಕಾಲ ಸುಖವಾಗಿರಲಿ" ಎಂದು ಹರಸಿದರು. ವ್ಯಾಪಾರಿ ಕಣ್ಣೊರೆಸಿಕೊಂಡದ್ದನ್ನು ನಾನು ಕಂಡೆ.

ಆಪರೇಶನ್ ಚೆನ್ನಾಗಿ ಆಯಿತು. ಅಮ್ಮ ಮತ್ತೆ ನಡೆದರು, ಗದ್ದೆಗೂ ಇಳಿದರು. ಬೇಕಾದ್ದನ್ನು ಗಟ್ಟಿಯಾಗಿ ಕೇಳಲು ನಾನು ಅಂದಿನಿಂದ ಹಿಂಜರಿದಿಲ್ಲ. ಕೇಳಿದರೆ ಎದ್ದು ನಿಲ್ಲುವವರು ಒಬ್ಬರಾದರೂ ಇರುತ್ತಾರೆ.